ದನದ ಬಾಟಲಿ, ನಾಯಿಯ ಉಣುಗು, ಬೆಕ್ಕಿನ ಜೀವ

ಪ್ರಶ್ನೆ: ನಮ್ಮದು ಹೊಸನಗರದ ಕಡೆಯ ಹಳ್ಳಿ. ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಎರಡು ದನ, ಕರಿಯ ಅಂತ ಒಂದು ನಾಯಿ, ಚಿನ್ನಿ ಅಂತ ಒಂದು ಬೆಕ್ಕು. ಮಳೆ ನಿಂತಿದ್ದೇ ತಡ, ಕರಿಯನ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಎಲ್ಲಿ ನೋಡಿದರೂ ಉಣುಗು. ನಮ್ಮನೆಯವರು ದನಕ್ಕೆಂದು ತಂದಿಟ್ಟಿದ್ದ ಉಣುಗಿನ ಔಷಧಿಯನ್ನೇ ನೀರಿಗೆ ಬೆರೆಸಿ ನಾಯಿಗೆ ಹಚ್ಚಿದರು. ಮಿಕ್ಕಿದ್ದನ್ನು ಹಾಳು ಮಾಡುವುದೇಕೆ ಅಂತ ಬೆಕ್ಕಿಗೂ ಒರೆಸಿದರು. ನಾಯಿಗೆ ಏನೂ ಆಗಲಿಲ್ಲ. ಬೆಕ್ಕು ಸಂಜೆಯಷ್ಟರಲ್ಲಿ ಜೊಲ್ಲು ಸುರಿಸುತ್ತ, ಕಿವಿ ಕುಣಿಸುತ್ತ, ಗಡಗಡ ನಡುಗತೊಡಗಿತು. ಡಾಕ್ಟರು ಎರಡು ದಿನ ಒದ್ದಾಡಿ ಉಳಿಸಿಕೊಟ್ಟರು. ಆಮೇಲಿಂದ ನನಗೆ ಯಾವ ಮದ್ದಿನ ಬಾಟಲಿ ಕಂಡರೂ ಭಯ. ಆದರೆ ಕರಿಯನ ಮೈಮೇಲೆ ಉಣುಗು ಮತ್ತೆ ಬಂದಿದೆ, ಚಿನ್ನಿಯ ಬಾಲದ ಬುಡದಲ್ಲಿ ಅಕ್ಕಿಕಾಳಿನಂಥದ್ದು ಕಾಣುತ್ತಿದೆ, ಮನೆಯಲ್ಲಿ ಎರಡು ವರ್ಷದ ಮಗು ಅಂಗಳದಲ್ಲೇ ಆಡುತ್ತದೆ. ಅತ್ತೆ ಹುಳಕ್ಕೆ ಅಡಿಕೆ ಹಾಕಿ ಅನ್ನುತ್ತಾರೆ. ಪಕ್ಕದ ಮನೆಯವರು ಒಂದೇ ಒಂದು ಇಂಜೆಕ್ಷನ್ ಹಾಕಿಸಿ, ಉಣುಗು ಹುಳ ಎರಡೂ ಹೋಗುತ್ತವೆ ಅನ್ನುತ್ತಾರೆ. ಅಮೆರಿಕದಲ್ಲಿರುವ ಮೈದುನ ಬಂದಾಗ ಅಲ್ಲಿಯ ನಾಯಿಮಾತ್ರೆ ಒಂದು ಡಬ್ಬಿ ಕೊಟ್ಟು ಹೋಗಿದ್ದಾರೆ, ಅದರ ಮೇಲೆ ಹಾರ್ಟ್‌ವರ್ಮ್ ಎಂದಿದೆ. ಯಾರ ಮಾತು ಕೇಳಲಿ? ಮದ್ದು ಹಾಕಿದರೆ ಪ್ರಾಣಿಗೆ ಅಪಾಯ, ಬಿಟ್ಟರೆ ಮಗುವಿಗೆ ಅಪಾಯ ಅನ್ನಿಸಿ ನಿದ್ದೆ ಬರುತ್ತಿಲ್ಲ. ಉಳಿದಿರುವ ಆ ಬಾಟಲಿಯನ್ನು ಹಳ್ಳಕ್ಕೆ ಸುರಿದುಬಿಡಲೇ?

ಉತ್ತರ: ಮೊದಲಿಗೆ ನಿಮ್ಮ ಯಜಮಾನರ ಮೇಲಿನ ಸಿಟ್ಟನ್ನು ಒಂದಿಷ್ಟು ಇಳಿಸಿಕೊಳ್ಳಿ. ಪತ್ರದಲ್ಲಿ ನೀವು ಬರೆದಿಲ್ಲ, ಆದರೂ ಸಾಲುಗಳ ಸಂದಿಯಲ್ಲಿ ಕಾಣುತ್ತದೆ. ದನಕ್ಕೆ ಆಗುವ ಔಷಧಿ ನಾಯಿಗಾಗದೆ ಇರುತ್ತದೆಯೇ, ನಾಯಿಗಾದದ್ದು ಬೆಕ್ಕಿಗಾಗದೆ ಇರುತ್ತದೆಯೇ ಎಂಬ ಲೆಕ್ಕ ಮಲೆನಾಡಿನ ಮುಕ್ಕಾಲು ಪಾಲು ಕೊಟ್ಟಿಗೆಗಳಲ್ಲಿ ನಡೆಯುತ್ತದೆ. ದನ ಮತ್ತು ನಾಯಿಯ ಮಟ್ಟಿಗೆ ಆ ಲೆಕ್ಕ ಅನೇಕ ಸಲ ಹೇಗೋ ದಾಟಿಹೋಗುತ್ತದೆ. ಬೆಕ್ಕಿನ ಹತ್ತಿರ ಬಂದು ಕುಸಿಯುತ್ತದೆ.

ದನದ ಉಣುಗಿಗೆ ನಮ್ಮಲ್ಲಿ ಹೆಚ್ಚಾಗಿ ಮಾರುವುದು ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್. ನಾಯಿಯ ಹೆಗಲ ಮೇಲೆ ಸುರಿಯುವ ಕೆಲವು ಹನಿ ಔಷಧಿಗಳಲ್ಲಿ ಇರುವುದು ಪರ್ಮೆಥ್ರಿನ್. ಮೂರೂ ಒಂದೇ ಬಳಗದವು, ಪೈರಿಥ್ರಾಯ್ಡ್ ಅನ್ನುತ್ತಾರೆ. ಕೀಟದ ನರವನ್ನು ಹಿಡಿದು ಅಲುಗಿಸುವುದು ಇವುಗಳ ಕೆಲಸ. ನಾಯಿ, ದನ, ಮನುಷ್ಯರ ಯಕೃತ್ತು ಇದನ್ನು ಬೇಗ ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕೆಲಸಕ್ಕೆ ಬೇಕಾದ ಕಿಣ್ವ ತೀರ ಕಡಿಮೆ. ಹಾಗಾಗಿ ವಿಷ ಮೈಯಲ್ಲೇ ಉಳಿದು ಕೀಟಕ್ಕೆ ಮಾಡುವುದನ್ನೇ ಬೆಕ್ಕಿಗೂ ಮಾಡುತ್ತದೆ: ಕಿವಿ ಕುಣಿಯುವುದು, ಚರ್ಮ ಅದುರುವುದು, ನಡುಕ, ಕೊನೆಗೆ ಸೆಳವು. ದೊಡ್ಡ ನಾಯಿಗೆಂದು ಮಾಡಿದ ಪರ್ಮೆಥ್ರಿನ್ ಹನಿಯ ಒಂದೇ ಕೊಳವೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ಪ್ಯಾರಾಸಿಟಮಾಲ್ ಬೆಕ್ಕಿಗೆ ಘೋರ ವಿಷವಾಗುವುದೂ ಹೆಚ್ಚುಕಡಿಮೆ ಇದೇ ಕೊರತೆಯಿಂದ. ಜ್ವರ ಬಂದಂತಿದೆ ಎಂದು ಮಗುವಿನ ಸಿರಪ್ಪನ್ನು ಯಾರೂ ಚಿನ್ನಿಯ ಬಾಯಿಗೆ ಬಿಡದಂತೆ ನೋಡಿಕೊಳ್ಳಿ.

ಇನ್ನೊಮ್ಮೆ ಹೀಗಾದರೆ, ಆಗದಿರಲಿ, ಬೆಕ್ಕನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ದ್ರಾವಣ ಹಾಕಿ ತೊಳೆಯಿರಿ. ಬಿಸಿನೀರು ಬೇಡ, ಅದರಿಂದ ಚರ್ಮ ಇನ್ನಷ್ಟು ಹೀರುತ್ತದೆ. ತಣ್ಣೀರೂ ಬೇಡ, ಮೈ ತಣ್ಣಗಾದರೆ ನಡುಕ ಏರುತ್ತದೆ. ಟವೆಲಿನಲ್ಲಿ ಸುತ್ತಿ ಆಸ್ಪತ್ರೆಗೆ ಓಡಿ. ಹಾಲು, ಎಣ್ಣೆ, ಮಜ್ಜಿಗೆ ಕುಡಿಸಬೇಡಿ. ನಡುಗುವ ಪ್ರಾಣಿಯ ಬಾಯಿಗೆ ಏನು ಬಿಟ್ಟರೂ ಶ್ವಾಸಕೋಶಕ್ಕೆ ಹೋದೀತು. ಈ ವಿಷಕ್ಕೆ ಪ್ರತಿವಿಷ ಇಲ್ಲ. ನಡುಕ ಅಡಗಿಸಿ, ಗ್ಲೂಕೋಸ್ ಹಾಕಿ, ಮೈಯಿಂದ ಅದು ಇಳಿಯುವವರೆಗೆ ಕಾಯುವುದೇ ಚಿಕಿತ್ಸೆ. ನಿಮ್ಮ ಡಾಕ್ಟರು ಎರಡು ದಿನ ಮಾಡಿದ್ದು ಅದನ್ನೇ. ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ‘ಏನೋ ಬಿಳೀ ಔಷಧಿ’ ಎಂದರೆ ಡಾಕ್ಟರಿಗೆ ತಿಳಿಯುವುದು ಹೇಗೆ?

ಈಗ ಕರಿಯ. ಮದ್ದು ಹಾಕಿದ ಮೇಲೂ ಉಣುಗು ಮತ್ತೆ ಬಂದಿತು ಎಂದು ಬರೆದಿದ್ದೀರಿ. ಔಷಧಿ ಸೋತದ್ದಲ್ಲ ಅದು. ಮನೆನಾಯಿಯ ಮೈಮೇಲೆ ಇರುವ ಕಂದು ಉಣುಗು ತನ್ನ ಆಯುಸ್ಸಿನ ಬಹುಪಾಲನ್ನು ನಾಯಿಯ ಮೇಲೆ ಕಳೆಯುವುದೇ ಇಲ್ಲ. ಮರಿಯಾಗಿ ಒಮ್ಮೆ, ನಡುಪ್ರಾಯದಲ್ಲಿ ಒಮ್ಮೆ, ಬೆಳೆದ ಮೇಲೆ ಒಮ್ಮೆ ಏರಿ ರಕ್ತ ಕುಡಿಯುತ್ತದೆ. ಪ್ರತಿ ಸಲವೂ ಕೆಳಗೆ ಉದುರಿ ಗೋಡೆಯ ಬಿರುಕಿನಲ್ಲಿ, ಜಗುಲಿಯ ಕಲ್ಲಿನ ಸಂದಿಯಲ್ಲಿ, ಮಲಗುವ ಗೋಣಿಯ ಮಡಿಕೆಯಲ್ಲಿ ಅಡಗುತ್ತದೆ. ರಕ್ತ ಕುಡಿದು ಹುರುಳಿಕಾಳಿನ ಹಾಗೆ ಉಬ್ಬಿದ ಒಂದು ಹೆಣ್ಣು ಅಲ್ಲಿಯೇ ನಾಲ್ಕು ಸಾವಿರದವರೆಗೆ ಮೊಟ್ಟೆ ಇಟ್ಟು ಸಾಯುತ್ತದೆ. ಬೆಳೆದ ಉಣುಗು ಏನೂ ಕುಡಿಯದೆ ತಿಂಗಳುಗಟ್ಟಲೆ ಕಾದು ಕೂರಬಲ್ಲದು. ಚಿರೆಕಲ್ಲಿನ ಹಳೇ ಮನೆಯಾಗಿದ್ದರಂತೂ ಅದಕ್ಕೆ ಹೇಳಿ ಮಾಡಿಸಿದ ಜಾಗ. ರಾತ್ರಿ ಟಾರ್ಚ್ ಹಿಡಿದು ನಾಯಿ ಮಲಗುವ ಮೂಲೆಯ ಗೋಡೆ ನೋಡಿ, ಮೇಲಕ್ಕೆ ಹತ್ತುತ್ತಿರುವುದು ಕಂಡರೆ ನನ್ನ ಮಾತು ನಂಬುತ್ತೀರಿ.

ಆದ್ದರಿಂದ ಒಂದು ದಿನದ ಮದ್ದಿನಿಂದ ಇದು ಮುಗಿಯುವುದಿಲ್ಲ. ಕನಿಷ್ಠ ಮೂರು ನಾಲ್ಕು ತಿಂಗಳು, ನಾಯಿಯ ಮೈಗೆ ಹತ್ತಿದ ಉಣುಗೆಲ್ಲ ಸಾಯುತ್ತ ಹೋಗಬೇಕು. ಆಗ ಗೋಡೆಯೊಳಗಿನ ದಾಸ್ತಾನು ತಾನಾಗಿ ಖಾಲಿಯಾಗುತ್ತದೆ. ಇಷ್ಟು ದಿನ ಬಿಡದೆ ಕೆಲಸ ಮಾಡುವ ಔಷಧಿಗಳಲ್ಲಿ ನನ್ನ ಮೊದಲ ಆಯ್ಕೆ ತಿನ್ನಿಸುವ ಮಾತ್ರೆ. ಅಫಾಕ್ಸೊಲಾನರ್, ಸರೋಲಾನರ್ ತಿಂಗಳಿಗೊಂದು. ಫ್ಲುರಾಲಾನರ್ ಒಂದು ಕೊಟ್ಟರೆ ಸುಮಾರು 12 ವಾರ. 2013-14ರ ಹೊತ್ತಿಗೆ ಅಮೆರಿಕ, ಯೂರೋಪಿನಲ್ಲಿ ಶುರುವಾಗಿ ಈಗ ನಮ್ಮ ಪೇಟೆಗಳಲ್ಲೂ ಸಿಗುತ್ತವೆ. ದುಬಾರಿ, ಮುಚ್ಚಿಡುವುದಿಲ್ಲ. ಆದರೆ ಬೆಕ್ಕು ಮತ್ತು ಮಗು ಇರುವ ಮನೆಯಲ್ಲಿ ನಾಯಿಯ ತುಪ್ಪಳಕ್ಕೆ ಏನೂ ಹಚ್ಚದೆ ಹೊಟ್ಟೆಯೊಳಗೇ ಮದ್ದು ಇರುವುದು ಆ ದುಡ್ಡಿಗೆ ತಕ್ಕ ಲಾಭ. ಚಿನ್ನಿ ಕರಿಯನಿಗೆ ಒರಗಿ ಮಲಗಿದರೂ ಹೆದರಬೇಕಿಲ್ಲ. ಮಾತ್ರೆ ಕೊಟ್ಟ ಮೇಲೂ ಉಣುಗು ಬಂದು ಕಚ್ಚುತ್ತದೆ, ಕಚ್ಚಿದ ಮೇಲೆ ಸಾಯುತ್ತದೆ. ಅದಕ್ಕೆ ಒಂದೆರಡು ದಿನ ಹಿಡಿಯಬಹುದು. ಮೈಮೇಲೆ ಒಣಗಿ ಚಪ್ಪಟೆಯಾದ ಉಣುಗು ಕಂಡರೆ ‘ಔಷಧಿ ನಾಟಲಿಲ್ಲ’ ಎಂದುಕೊಂಡು ಮೇಲಿಂದ ಇನ್ನೊಂದು ಹಚ್ಚಬೇಡಿ. ಒಂದು ಎಚ್ಚರಿಕೆ: ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಸೆಳವು ಬಂದದ್ದುಂಟು ಎಂದು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಸಿದೆ. ಕರಿಯನಿಗೆ ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಬೇರೆ ದಾರಿ ನೋಡುತ್ತಾರೆ.

ಬೇರೆ ದಾರಿ ಎಂದರೆ ಫಿಪ್ರೊನಿಲ್. ಹೆಗಲ ನಡುವೆ ತುಪ್ಪಳ ಬಿಡಿಸಿ ಚರ್ಮಕ್ಕೇ ಹನಿಸಬೇಕು, ಕೂದಲ ಮೇಲೆ ಸುರಿದರೆ ದುಡ್ಡು ಕೂದಲಿಗೆ ಹೋಯಿತು. ಹಿಂದೆಮುಂದೆ ಎರಡು ದಿನ ಸ್ನಾನ ಬೇಡ. ಬೆಕ್ಕಿಗೂ ಫಿಪ್ರೊನಿಲ್ ಆಗುತ್ತದೆ, ಆದರೆ ಬೆಕ್ಕಿಗೆಂದೇ ಬರುವ ಪೊಟ್ಟಣ ಕೊಳ್ಳಿ. ನಾಯಿಯ ಕೆಲವು ಪೊಟ್ಟಣಗಳಲ್ಲಿ ಅದರ ಜೊತೆಗೆ ಪರ್ಮೆಥ್ರಿನ್ ಸೇರಿಸಿರುತ್ತಾರೆ. ಪೊಟ್ಟಣದ ಮುಂಭಾಗದಲ್ಲಿ ನಗುವ ನಾಯಿಯ ಚಿತ್ರ ಇರುತ್ತದೆ. ಓದಬೇಕಾದ್ದು ಹಿಂದಿನ ಸಣ್ಣ ಅಕ್ಷರ. ಅಗ್ಗಕ್ಕೆ ಸಿಗುವ ಅಮಿಟ್ರಾಜ್ ಸ್ನಾನವೂ ನಾಯಿಯ ಉಣುಗಿಗೆ ಕೆಲಸ ಮಾಡುತ್ತದೆ, ಆದರೆ ಬೆಕ್ಕಿರುವ ಮನೆಗೆ ನಾನು ಬರೆದುಕೊಡುವುದಿಲ್ಲ.

ಮದ್ದಿನ ಜೊತೆಗೆ ಮನೆಗೆಲಸವೂ ಇದೆ. ನಾಯಿಗೆ ಒಂದೇ ಮಲಗುವ ಜಾಗ ಮಾಡಿ. ಹಳೇ ಗೋಣಿ ಸುಟ್ಟುಬಿಡಿ, ಹೊಸ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿನೀರಿಗೆ ಹಾಕಿ. ಆ ಮೂಲೆಯ ಗೋಡೆಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ. ಯಜಮಾನರಿಗೆ ಪ್ರಾಯಶ್ಚಿತ್ತ ಮಾಡಿಸಬೇಕೆಂದಿದ್ದರೆ ಈ ಕೆಲಸ ಅವರಿಗೆ ಕೊಡಿ. ಕಚ್ಚಿ ಹಿಡಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಸೋಪಿನ ನೀರಿಗೆ ಹಾಕಿ. ಉಗುರಿನಿಂದ ಹಿಸುಕುವುದು, ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಹೊಗೆಸೊಪ್ಪಿನ ನೀರು ಹಚ್ಚುವವರಿದ್ದಾರೆ; ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ಮೈಗೇರುವ ವಿಷ.

ನಿಮ್ಮ ಕಡೆ ಉಣುಗು ಎಂದರೆ ಯಾರಿಗೂ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಅದು ಗುರುತಿಗೆ ಬಂದಾಗಿನಿಂದ ಶಿವಮೊಗ್ಗ ಜಿಲ್ಲೆಯವರ ಎದೆಯಲ್ಲಿ ಆ ಅಳುಕು ಇದ್ದೇ ಇದೆ. ಆ ರೋಗ ಹರಡುವ ಕಾಡಿನ ಉಣುಗೇ ಬೇರೆ, ಕರಿಯನ ಕಿವಿಯಲ್ಲಿ ಮನೆ ಮಾಡಿರುವ ಕಂದು ಉಣುಗೇ ಬೇರೆ. ಹಾಗೆಂದು ಪೂರಾ ನಿಶ್ಚಿಂತೆಯೂ ಸಲ್ಲ. ತೋಟದಾಚೆ ಕಾಡಿಗೆ ನುಗ್ಗಿ ಬರುವ ನಾಯಿ ಅಲ್ಲಿಯ ಉಣುಗನ್ನು ಮೈಮೇಲೆ ಹೊತ್ತು ತರಬಹುದು. ಕಾಯಿಲೆಯ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ನಾಯಿಯನ್ನು ಕಾಡಿಗೆ ಬಿಡಬೇಡಿ, ಹೊರಗಿನಿಂದ ಬಂದರೆ ಜಗುಲಿಯಲ್ಲೇ ಮೈ ತಡವಿ ನೋಡಿ ಒಳಗೆ ಬಿಡಿ. ಸೊಪ್ಪಿಗೆ, ದರಗಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಮನುಷ್ಯರ ಮೈಗೆ ಹಚ್ಚಲು, ನಾಯಿಗಲ್ಲ.

ನಾಯಿಗೆ ಮನೆಯ ಉಣುಗಿನಿಂದ ಬರುವ ಜ್ವರ ಬೇರೆಯೇ ಇದೆ. ಎರ್ಲಿಕಿಯಾ, ಬಬೇಸಿಯಾ ಅದರ ಕಾರಣ. ಊಟ ಬಿಡುವುದು, ಮೈ ಬಿಸಿ, ಒಸಡು ಬಿಳಿಚುವುದು, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ, ಮೂಗಿನಿಂದ ರಕ್ತ, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ಅಂದೇ ರಕ್ತ ಪರೀಕ್ಷೆ ಮಾಡಿಸಿ. ನಿಮಗೆ ತೀರ ದೂರವಲ್ಲದ ಶಿವಮೊಗ್ಗ ಪಶುವೈದ್ಯ ಕಾಲೇಜಿನ ಆಸ್ಪತ್ರೆಯೂ ಇದೆ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ನಾಲ್ಕನೇ ದಿನಕ್ಕೆ ನಾಯಿ ಬಾಲ ಆಡಿಸಿತೆಂದು ಮಾತ್ರೆ ನಿಲ್ಲಿಸುವವರೇ ಹೆಚ್ಚು, ತಿಂಗಳೆರಡು ತಿಂಗಳಿಗೆ ಮತ್ತೆ ಆಸ್ಪತ್ರೆಗೆ ಬರುವವರೂ ಅವರೇ.

ಪಕ್ಕದ ಮನೆಯವರ ಇಂಜೆಕ್ಷನ್ ವಿಷಯಕ್ಕೆ ಬರೋಣ. ಅದು ಬಹುಶಃ ಐವರ್ಮೆಕ್ಟಿನ್. ಕೆಟ್ಟ ಔಷಧಿಯಲ್ಲ. ಜಪಾನಿನ ಕವಾನ ಎಂಬಲ್ಲಿಯ ಮಣ್ಣಿನ ಸೂಕ್ಷ್ಮಾಣುವಿನಿಂದ ಹುಟ್ಟಿ, ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರ ನೊಬೆಲ್ ತಂದುಕೊಟ್ಟ ಔಷಧಿ ಅದು. ತೊಂದರೆ ಇರುವುದು ಅಳತೆಯಲ್ಲಿ. ಔಷಧಿ ಅಂಗಡಿಯಲ್ಲಿ ಸಿಗುವ ದನದ ಇಂಜೆಕ್ಷನ್ನಿನ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ ಇರುತ್ತದೆ, 50 ಕಿಲೋ ತೂಕಕ್ಕೆ ಒಂದು ಮಿಲಿ ಎಂಬ ಲೆಕ್ಕದಲ್ಲಿ ಮಾಡಿದ್ದು. ಅದೇ ಲೆಕ್ಕವನ್ನು ಮೂರು ಕಿಲೋದ ಚಿನ್ನಿಗೆ ಹಾಕಿದರೆ 0.06 ಮಿಲಿ. ಸಾಮಾನ್ಯ ಸಿರಿಂಜಿನಲ್ಲಿ ಅಷ್ಟನ್ನು ಅಳೆಯಲಿಕ್ಕೇ ಆಗುವುದಿಲ್ಲ. ‘ಒಂದರ್ಧ ಮಿಲಿ ಹಾಕಿದೆ’ ಎನ್ನುವ ಕೈ ಎಂಟು ಪಟ್ಟು ಹಾಕಿರುತ್ತದೆ. ಕಾಲಿ ಜಾತಿಯ ನಾಯಿಗಳು ಮತ್ತು ಅವುಗಳ ಬಳಗದವಕ್ಕೆ ಇನ್ನೊಂದು ಕಷ್ಟವಿದೆ: ಔಷಧಿ ಮೆದುಳಿಗೆ ಹೋಗದಂತೆ ತಡೆಯುವ ವಂಶವಾಹಿಯಲ್ಲಿ ದೋಷವಿರುವವು ಅವುಗಳಲ್ಲಿ ಬಹಳ. ಕಜ್ಜಿಗೆ ಡಾಕ್ಟರು ಈ ಔಷಧಿಯನ್ನು ತೂಕ ನೋಡಿ, ಜಾತಿ ನೋಡಿ ಬಳಸುವುದುಂಟು. ಕಂದು ಉಣುಗಿನ ಮಟ್ಟಿಗಂತೂ ಅದು ನೆಚ್ಚಬಹುದಾದ ಮದ್ದಲ್ಲ. ಚಿನ್ನಿಗೆ ಹತ್ತಿರುವ ಲಾಡಿಹುಳಕ್ಕಂತೂ ಅದು ಏನೂ ಮಾಡುವುದಿಲ್ಲ. ಎರಡೂ ಹೋಗುತ್ತವೆ ಎಂಬ ಮಾತು ಅಲ್ಲಿಗೆ ಬಿತ್ತು.

ಮೈದುನ ಕೊಟ್ಟ ಮಾತ್ರೆಯಲ್ಲೂ ಬಹುಮಟ್ಟಿಗೆ ಇದೇ ಐವರ್ಮೆಕ್ಟಿನ್ ಇರಬಹುದು, ಆದರೆ ಪ್ರಮಾಣ ನೋಡಿ: ಹನ್ನೊಂದು ಕಿಲೋವರೆಗಿನ ನಾಯಿಗೆ ಕೊಡುವ ಅಂಥ ಮಾತ್ರೆಯಲ್ಲಿ 68 ಮೈಕ್ರೋಗ್ರಾಂ. ದನದ ಇಂಜೆಕ್ಷನ್ನಿನ ಒಂದು ಮಿಲಿ ಸುಮಾರು 150 ಮಾತ್ರೆಗೆ ಸಮ. ಒಂದೇ ಹೆಸರಿನ ಎರಡು ಔಷಧಿ ಎಷ್ಟು ದೂರ ನಿಂತಿವೆ ಎಂದು ಇದರಲ್ಲೇ ಗೊತ್ತಾಗುತ್ತದೆ. ಆ ಮಾತ್ರೆ ಸೊಳ್ಳೆಯಿಂದ ಹರಡುವ ಹೃದಯದ ಹುಳವನ್ನು ತಡೆಯಲು ಇರುವುದು. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಆ ಹುಳ ಇರುವುದರಿಂದ ಅಲ್ಲಿ ತಿಂಗಳು ತಿಂಗಳು ಕೊಡುತ್ತಾರೆ. ಉಣುಗಿಗೂ ಅದಕ್ಕೂ ಸಂಬಂಧವಿಲ್ಲ. ರಕ್ತ ಪರೀಕ್ಷೆ ಇಲ್ಲದೆ ಶುರು ಮಾಡುವಂಥದ್ದೂ ಅಲ್ಲ. ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ, ಬೇಡವೆಂದರೆ ಬಿಡಿ. ಮೈದುನರಿಗೆ ಬೇಸರವಾಗದಂತೆ ಹೇಳುವುದು ನಿಮಗೇ ಬಿಟ್ಟದ್ದು.

ಇನ್ನು ಅತ್ತೆಯವರ ಅಡಿಕೆ. ಈ ಮಾತನ್ನು ನಕ್ಕು ತಳ್ಳಬೇಡಿ. ಅಡಿಕೆಯಲ್ಲಿರುವ ಅರಿಕೋಲಿನ್ ನಾಯಿಯ ಲಾಡಿಹುಳಕ್ಕೆ ಒಂದು ಕಾಲದಲ್ಲಿ ಪಶುವೈದ್ಯರೇ ಕೊಡುತ್ತಿದ್ದ ಔಷಧಿ. ನ್ಯೂಜಿಲೆಂಡಿನಲ್ಲಿ ಕುರಿನಾಯಿಗಳಿಂದ ಮನುಷ್ಯರಿಗೆ ಹರಡುತ್ತಿದ್ದ ಹೈಡಾಟಿಡ್ ಎಂಬ ಲಾಡಿಹುಳದ ರೋಗವನ್ನು ಅಡಗಿಸಲು ಊರೂರಿನ ನಾಯಿಗಳನ್ನು ಸೇರಿಸಿ ಇದನ್ನೇ ಕುಡಿಸುತ್ತಿದ್ದರು. ಅದು ಹುಳವನ್ನು ಕೊಲ್ಲುತ್ತಿರಲಿಲ್ಲ. ಹುಳ ಸ್ಮೃತಿ ತಪ್ಪಿದಂತಾಗಿ ಹಿಡಿತ ಬಿಡುವುದು, ನಾಯಿಗೆ ಜೋರು ಭೇದಿಯಾಗಿ ಹೊರಬೀಳುವುದು, ಅಷ್ಟೇ. ಜೊತೆಗೆ ವಾಂತಿ, ಸುಸ್ತು, ಕೆಲವೊಮ್ಮೆ ಸಾವು. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂತು. ಲಾಡಿಹುಳವನ್ನು ಒಳಗೇ ಕೊಲ್ಲುತ್ತದೆ, ನಾಯಿಗೆ ಬೆಕ್ಕಿಗೆ ಎರಡಕ್ಕೂ ಹೊಂದುತ್ತದೆ. ಅರಿಕೋಲಿನ್ ಮೂಲೆ ಸೇರಿತು. ಬೆಕ್ಕಿಗಂತೂ ಅಡಿಕೆ ಖಂಡಿತ ಕೂಡದು. ಅತ್ತೆಯವರಿಗೆ ಹೀಗೆ ಹೇಳಿ: ನೀವು ಹೇಳಿದ್ದು ಸರಿಯೇ ಇತ್ತು, ಅದಕ್ಕಿಂತ ಒಳ್ಳೆಯದು ಈಗ ಬಂದಿದೆ.

ಚಿನ್ನಿಯ ಬಾಲದ ಬುಡದ ‘ಅಕ್ಕಿಕಾಳು’ ಲಾಡಿಹುಳದ ತುಂಡು. ಹಸಿ ಇದ್ದಾಗ ಮೆಲ್ಲಗೆ ಹೊರಳುತ್ತದೆ, ಒಣಗಿದರೆ ಅಕ್ಕಿಯೇ. ಈ ಹುಳ ಬರುವುದು ಚಿಗಟದಿಂದ. ಮೈ ನೆಕ್ಕುವಾಗ ಬೆಕ್ಕು ಚಿಗಟವನ್ನು ನುಂಗುತ್ತದೆ, ಅದರೊಳಗಿನ ಹುಳದ ಮರಿ ಕರುಳಿನಲ್ಲಿ ಬೆಳೆಯುತ್ತದೆ. ಇಲಿ ತಿನ್ನುವ ಬೆಕ್ಕಿಗೆ ಇಲಿಯಿಂದ ಬರುವ ಇನ್ನೊಂದು ಜಾತಿಯ ಲಾಡಿಹುಳವೂ ಉಂಟು. ಬರೀ ಹುಳದ ಮಾತ್ರೆ ಕೊಟ್ಟು ಚಿಗಟ ಬಿಟ್ಟರೆ ತಿಂಗಳೊಳಗೆ ಅಕ್ಕಿಕಾಳು ಮತ್ತೆ ಹಾಜರು. ಚಿನ್ನಿಗೆ ಪ್ರಾಜಿಕ್ವಾಂಟೆಲ್ ಮತ್ತು ಪೈರಾಂಟೆಲ್ ಸೇರಿದ, ಬೆಕ್ಕಿಗೆಂದೇ ಇರುವ ಮಾತ್ರೆ. ಚಿಗಟಕ್ಕೆ ತಲೆಬುರುಡೆಯ ಬುಡದಲ್ಲಿ, ನಾಲಿಗೆ ಎಟುಕದ ಕಡೆ, ಬೆಕ್ಕಿನ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಹನಿ. ವಿಷದ ಹೊಡೆತ ತಿಂದ ಜೀವವಾದ್ದರಿಂದ ನಿಮ್ಮ ಡಾಕ್ಟರು ಸರಿ ಎಂದ ಮೇಲೆಯೇ ಎರಡನ್ನೂ ಶುರು ಮಾಡಿ.

ಕರಿಯನಿಗೆ ಮೂರು ತಿಂಗಳಿಗೊಮ್ಮೆ ಹುಳದ ಮಾತ್ರೆ ಸಾಕು. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಸೇರಿದ ನಾಯಿಮಾತ್ರೆ ಸಾಮಾನ್ಯವಾಗಿ ಹತ್ತು ಕಿಲೋಗೆ ಒಂದು. ತೂಕ ಅಂದಾಜು ಮಾಡಬೇಡಿ. ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಅಡಿಕೆ ತೂಗುವ ಮನೆಯಲ್ಲಿ ತಕ್ಕಡಿಗೆ ಬರವಿಲ್ಲ. ಮುಂದೆ ಎಂದಾದರೂ ಮರಿ ತಂದರೆ ಲೆಕ್ಕ ಬೇರೆ. ದುಂಡುಹುಳ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ನಾಯಿಮರಿಗೆ ದಾಟಿರುತ್ತದೆ, ಹಾಲಿನಲ್ಲೂ ಬರುತ್ತದೆ. ಅದಕ್ಕೇ ಎರಡು ವಾರದ ಮರಿಗೇ ಮದ್ದು ಶುರು, ಎರಡು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ.

ಮಗುವಿನ ಬಗ್ಗೆ ನೀವು ಹೆದರಿದಷ್ಟು ಹೆದರಬೇಕಾಗಿಲ್ಲ. ನಾಯಿ ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ಹುಳ ಬಂದುಬಿಡುವುದಿಲ್ಲ. ದುಂಡುಹುಳದ ಮೊಟ್ಟೆ ಮಲದಲ್ಲಿ ಹೊರಬಿದ್ದ ಮೇಲೆ ರೋಗ ತರುವ ಹಂತಕ್ಕೆ ಬರಲು ಎರಡು ವಾರವಾದರೂ ಬೇಕು. ಅಂಗಳದ ಮಲವನ್ನು ದಿನವೂ ಎತ್ತಿ, ತರಕಾರಿ ಮಡಿಯಿಂದ ದೂರ, ಆಳವಾಗಿ ಹೂತರೆ ಆ ಸರಪಳಿ ಅಲ್ಲೇ ಕಡಿಯಿತು. ಬಿಟ್ಟರೆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮಣ್ಣು ತಿನ್ನುವ ಮಗುವಿನ ಹೊಟ್ಟೆಗೆ ಹೋದರೆ ಮರಿಹುಳ ಯಕೃತ್ತಿಗೂ ಅಪರೂಪಕ್ಕೆ ಕಣ್ಣಿಗೂ ಹೋಗಬಹುದು. ಕೊಕ್ಕೆಹುಳದ ಮರಿ ಒದ್ದೆ ಮಣ್ಣಿನಿಂದ ಬರಿಗಾಲಿಗೆ ಹತ್ತಿ, ಚರ್ಮದಡಿ ಗೆರೆ ಎಳೆದಂತೆ ಹರಿಯುತ್ತದೆ. ಮಗುವಿಗೆ ಚಪ್ಪಲಿ ಹಾಕಿ, ಊಟಕ್ಕೆ ಮೊದಲು ಕೈ ತೊಳೆಸಿ, ಮರಳುಗುಡ್ಡೆ ಇದ್ದರೆ ರಾತ್ರಿ ಟಾರ್ಪಾಲು ಹೊದಿಸಿ. ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಪಾಯಖಾನೆ ಇಲ್ಲ.

ಉಳಿದ ಬಾಟಲಿಯನ್ನು ದಯವಿಟ್ಟು ಹಳ್ಳಕ್ಕೆ ಸುರಿಯಬೇಡಿ. ಪೈರಿಥ್ರಾಯ್ಡ್ ತೀರ ಅಲ್ಪ ಪ್ರಮಾಣದಲ್ಲೂ ಮೀನು, ಸಿಗಡಿ, ಏಡಿಗಳನ್ನು ಕೊಲ್ಲುತ್ತದೆ. ಚೆಲ್ಲುವ ಅಗತ್ಯವೂ ಇಲ್ಲ. ಅದು ದನದ ಔಷಧಿ, ದನಕ್ಕೆ ಬೇಕಾಗುತ್ತದೆ. ಲೇಬಲ್ಲಿನಲ್ಲಿ ಬರೆದಷ್ಟೇ ನೀರಿಗೆ ಬೆರೆಸಿ, ಕೈಗವಸು ಹಾಕಿಕೊಂಡು ಹಚ್ಚಿ. ದನದ ಮೈ ಒಣಗುವವರೆಗೆ ಚಿನ್ನಿಯನ್ನು ಮನೆಯೊಳಗೆ ಕೂಡಿಹಾಕಿ. ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ‘ದನಕ್ಕೆ ಮಾತ್ರ, ಬೆಕ್ಕಿಗೆ ವಿಷ’ ಎಂದು ಬರೆದು, ಮಗುವಿನ ಕೈಗೆ ಸಿಗದ ಕಡೆ ಬೀಗ ಹಾಕಿಡಿ. ಬೆರೆಸಿದ ಮೇಲೆ ಮಿಕ್ಕಿದರೆ ಮತ್ತೆ ಯಾರಿಗೂ ಒರೆಸದಿರಲು ಸುಲಭದ ಉಪಾಯ, ಎರಡು ದನಕ್ಕೆ ಬೇಕಾದಷ್ಟನ್ನೇ ಬೆರೆಸುವುದು.